ಹಸಿರು ದೀಪ ಹತ್ತುತ್ತಿತ್ತು, ದನಿ ಬರುತ್ತಿರಲಿಲ್ಲ

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಮ್ಮ ಅಂಗಡಿ. ವಾಕಿಟಾಕಿ ರಿಪೇರಿ ನನ್ನ ಕೆಲಸ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೂಡ ಇದೆ, ಹಾಗಾಗಿ ಹೊಸ ಹ್ಯಾಮ್‌ಗಳು ಸೆಟ್ ಹಿಡಿದುಕೊಂಡು ಬರುತ್ತಾರೆ.

ಹೋದ ಮಳೆಗಾಲದಲ್ಲಿ ಧಾರವಾಡದ ಕಾಲೇಜು ಹುಡುಗನೊಬ್ಬ ಬಂದ. ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು. "ಅಣ್ಣಾ, ವಾರದಿಂದ ಕರಿಯಾಕತ್ತೀನ್ರಿ, ಯಾರೂ ಮಾತಾಡವಲ್ರು" ಎಂದ. ಮೊಬೈಲಿನಲ್ಲಿ ರಿಪೀಟರ್‌ಗಳ ಹಳೆಯ ಪಟ್ಟಿ ಇತ್ತು. ರಿಪೀಟರ್ ಅಂದರೆ ಎತ್ತರದಲ್ಲಿ ಕೂತು ನಮ್ಮ ದನಿ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ. ಪಟ್ಟಿಯ ಒಂದರ ಮೂಲಕ ಅವನು ಕರೆಯುತ್ತಿದ್ದ. ಸೆಟ್ಟನ್ನು ಪವರ್ ಮೀಟರಿಗೆ ಹಾಕಿದೆ. 5 ವಾಟ್ ಸರಿಯಾಗಿ ಬರುತ್ತಿತ್ತು. "ಸೆಟ್ ಚೆನ್ನಾಗಿದೆ ತಮ್ಮಾ, ಆ ರಿಪೀಟರೇ ಬಂದಾಗಿರಬೇಕು" ಎಂದುಬಿಟ್ಟೆ. ಕಿವಿಗೊಟ್ಟು ಕೇಳದೆ ಹಾಗೆ ಹೇಳಬಾರದಿತ್ತು. ಅವನ ಮುಖ ಸಪ್ಪಗಾಯಿತು.

ರಾತ್ರಿಯೆಲ್ಲ ಅದೇ ಕೊರೆಯಿತು. ಭಾನುವಾರ ಬೆಳಿಗ್ಗೆ ಅವನನ್ನು ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋದೆ. ವಿಎಚ್‌ಎಫ್ ಅಲೆಗಳು, ಅಂದರೆ ಈ ಸೆಟ್ಟಿನ ರೇಡಿಯೋ ಅಲೆಗಳು, ಹೆಚ್ಚುಕಮ್ಮಿ ನೇರ ಸಾಗುತ್ತವೆ. ಪೇಟೆಯ ಕಟ್ಟಡಗಳ ನಡುವೆ ಕೇಳದ್ದು ಎತ್ತರದಲ್ಲಿ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಸೆಟ್ಟಿನ ಹಸಿರು ದೀಪ ಹತ್ತಿತು, ಅಂದರೆ ಸಿಗ್ನಲ್ ಬರುತ್ತಿದೆ. ದನಿ ಇಲ್ಲ. ಬಂದದ್ದನ್ನೆಲ್ಲ ಕೇಳಿಸುವ ಮಾನಿಟರ್ ಬಟನ್ ಒತ್ತಿ ಹಿಡಿದೆ. ಇಬ್ಬರು ಆಂಟೆನಾ ಬಗ್ಗೆ ಮಾತಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿತು! ಹುಡುಗ ನನ್ನ ಮಣಿಕಟ್ಟು ಹಿಡಿದುಕೊಂಡ.

ಆಗಿದ್ದಿಷ್ಟೇ. ಪಟ್ಟಿಯಲ್ಲಿದ್ದ ಟೋನನ್ನು (ಮಾತಿನ ಜೊತೆ ಹೋಗುವ, ಬೀಗದ ಕೀಲಿಯಂಥ ಸಣ್ಣ ನಾದ) ಅವನು ಕಳಿಸುವುದಕ್ಕೂ ಕೇಳುವುದಕ್ಕೂ ಹಾಕಿದ್ದ. ಆ ರಿಪೀಟರ್ ಒಳಗೆ ಬರಲು ಟೋನ್ ಕೇಳುತ್ತದೆ, ವಾಪಸ್ ಕಳಿಸುವುದಿಲ್ಲ. ಅದಕ್ಕೇ, ಟೋನಿಗಾಗಿ ಕಾಯುತ್ತಿದ್ದ ಸೆಟ್ ಬಾಯಿ ಬಿಡುತ್ತಿರಲಿಲ್ಲ. ಇನ್ನೊಂದು ತಪ್ಪು ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ಅಂತರದ್ದು, ಅಂದರೆ ಆಫ್‌ಸೆಟ್ಟಿನದು. ನಾವು ಬಳಸುವ 2 ಮೀಟರ್ ಬ್ಯಾಂಡಿನಲ್ಲಿ ರಿಪೀಟರ್ ಸಾಮಾನ್ಯವಾಗಿ ತಾನು ಕಳಿಸುವುದಕ್ಕಿಂತ 600 ಕಿಲೋಹರ್ಟ್ಸ್ ಕೆಳಗೆ ಕೇಳಿಸಿಕೊಳ್ಳುತ್ತದೆ. ಅದು 145.600 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ನಾವು 145.000ರಲ್ಲಿ ಕಳಿಸಬೇಕು. ಅವನು 600 ಎಂದು ತುಂಬಿದ್ದ, ಆದರೆ ಮೈನಸ್ ದಿಕ್ಕನ್ನು ಬೇರೆ ಮೆನುವಿನಲ್ಲಿ ಹಾಕಿರಲಿಲ್ಲ. ವಾರವಿಡೀ ಕರೆದಿದ್ದು ರಿಪೀಟರ್ ಕಿವಿಗೆ ಬಿದ್ದೇ ಇರಲಿಲ್ಲ.

ಎರಡನ್ನೂ ಸರಿ ಮಾಡಿದೆವು. ಹುಡುಗ ಅವರ ಮಾತು ಮುಗಿಯುವವರೆಗೆ ಕಾದು, ಮಾತಾಡುವ ಬಟನ್ (ಪಿಟಿಟಿ) ಒತ್ತಿ, ಲೈಸೆನ್ಸಿನ ಜೊತೆ ಸಿಕ್ಕ ಗುರುತಾದ ಕಾಲ್ ಸೈನ್ ಹೇಳಿ ಬಟನ್ ಬಿಟ್ಟ. ಅವನು ಬಿಟ್ಟ ಮೇಲೂ ಒಂದು ಕ್ಷಣ ರಿಪೀಟರಿನ ಕ್ಯಾರಿಯರ್ (ದನಿಯಿಲ್ಲದ ಬರಿ ಅಲೆ) ಉಳಿದು ಆಮೇಲೆ ಕಡಿಯಿತು. ಅದನ್ನೇ ನಾವು ಬಾಲ ಅನ್ನುವುದು. ಯಾರೂ ಉತ್ತರ ಕೊಡದಿದ್ದರೂ ಬಾಲ ಬಂತೆಂದರೆ ರಿಪೀಟರ್ ನಿಮ್ಮನ್ನು ಕೇಳಿಸಿಕೊಂಡಿದೆ. ಸುಮ್ನೆ ಒತ್ತಿ ಬಿಟ್ಟು ನೋಡಬೇಡಿ, ಕಾಲ್ ಸೈನ್ ಹೇಳಿಯೇ ನೋಡಿ. ಲೈಸೆನ್ಸ್ ಇಲ್ಲದವರು ಒತ್ತಲೇಬಾರದು.

ಈಗ ಯಾರೇ ಸೆಟ್ ತಂದರೂ ಮೊದಲು ಟೋನ್ ಮತ್ತು ದಿಕ್ಕು ನೋಡುತ್ತೇನೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಕೇಳುತ್ತೇನೆ. ಮಧ್ಯಾಹ್ನ ಎಲ್ಲರೂ ಕೆಲಸದಲ್ಲಿರುತ್ತಾರೆ, ಅಲ್ವಾ? ತಾರೀಕು, ಹೊತ್ತು, ನಿಂತ ಜಾಗ, ಬಾಲ ಬಂತೋ ಇಲ್ಲವೋ, ಎಲ್ಲ ಪುಸ್ತಕದಲ್ಲಿ ಬರೆದಿಡುತ್ತೇನೆ.

ಮರುದಿನ ಹುಡುಗ ಧಾರವಾಡದಿಂದ ಫೋನ್ ಮಾಡಿದ. ಮನೆಯೊಳಗೆ ಬಾಲ ಬರಲಿಲ್ಲವಂತೆ. ಮಾಳಿಗೆ ಹತ್ತಿದರೆ ಬಂತಂತೆ. ಅದನ್ನೂ ಪುಸ್ತಕಕ್ಕೆ ಸೇರಿಸಿದೆ.