ಕೆಂಪು ಕಾಡಿನೊಳಗೆ ಹಳೆಯ ರೈಲುದಾರಿ

ಬಾಸ್ಟನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹೋದರೆ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಬೆಟ್ಟಗಳು ಸಿಗುತ್ತವೆ. ಅಕ್ಟೋಬರ್ ಶುರುವಿನಲ್ಲಿ ಅಲ್ಲಿನ ಕಾಡು ಬಣ್ಣ ತಿರುಗುತ್ತದೆ. ಈ ಸಲ ನಮ್ಮ ಜೊತೆ ಅಪ್ಪಯ್ಯನೂ ಇದ್ದರು. ನರಸಿಂಹರಾಜಪುರದ ಹತ್ತಿರ ನಮ್ಮ ಅಡಿಕೆ ತೋಟ. ಕೊಯ್ಲು ಶುರುವಾಗುವ ಹೊತ್ತಿಗೆ ಅವರು ಮನೆ ಬಿಟ್ಟು ಬಂದದ್ದೇ ದೊಡ್ಡ ವಿಷಯ. ತಮ್ಮನ ಮೇಲೆ ಎಲ್ಲ ಬಿಟ್ಟು ಬಂದಿದ್ದರೂ ದಿನಾ ಬೆಳಿಗ್ಗೆ ಫೋನ್ ಮಾಡಿ ಅಂಗಳದ ವರದಿ ಕೇಳುತ್ತಿದ್ದರು.

ಬಣ್ಣ ನೋಡಲು ಬರುವವರೆಲ್ಲ ಮೊದಲು ಹಿಡಿಯುವುದು ಕ್ಯಾಂಕಮಾಗಸ್ ಹೆದ್ದಾರಿಯನ್ನು. 17ನೇ ಶತಮಾನದ ಪೆನಕುಕ್ ಬುಡಕಟ್ಟಿನ ನಾಯಕನೊಬ್ಬನ ಹೆಸರು ಅದು. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 55 ಕಿಲೋಮೀಟರ್ ದಾರಿ. ನಡುವೆ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ, ಬರೀ ಕಾಡು. ತಿರುವು ತಿರುವಿಗೂ ಕಾರು ನಿಲ್ಲಿಸಿ ಜನ ಫೋಟೋ ತೆಗೆಯುತ್ತಿದ್ದರು. ಅಪ್ಪಯ್ಯ ಸ್ವಲ್ಪ ಹೊತ್ತು ಕಿಟಕಿಯಿಂದಲೇ ನೋಡಿದರು. ಆಮೇಲೆ, "ಕಾಡನ್ನ ಹೀಗೆ ಕಾರಲ್ಲಿ ಕೂತು ನೋಡೋದೆಂತಕ್ಕೆ? ಇಳಿದು ನಡೆಯೋಣ ಮಾರಾಯ್ತಿ" ಅಂದರು.

ಅವರಿಗೆ ಮಂಡಿ ನೋವು, ಏರು ಹತ್ತುವುದು ಕಷ್ಟ. ಅದಕ್ಕೇ ಲಿಂಕನ್ ವುಡ್ಸ್ ದಾರಿಗೆ ಕರೆದುಕೊಂಡು ಹೋದೆ. ವಾಹನ ನಿಲ್ಲಿಸಲು ಶುಲ್ಕ ಕಟ್ಟಬೇಕು. ಶುರುವಿನಲ್ಲೇ ಪೆಮಿಜವಾಸೆಟ್ ನದಿಯ ಪೂರ್ವ ಕವಲಿಗೆ ಕಟ್ಟಿದ ತೂಗುಸೇತುವೆ ಇದೆ. ದಾಟಿದ ಮೇಲೆ ದಾರಿ ನೇರ, ಸಮತಟ್ಟು. ಪಕ್ಕದಲ್ಲೇ ಹೊಳೆ. ಮೇಲೆ ಬರ್ಚ್ ಮರಗಳ ಹಳದಿ, ಬೀಚ್ ಮರಗಳ ಕಂದು, ನಡುನಡುವೆ ಮೇಪಲ್‌ನ ಕೆಂಪು. ಬಿಸಿಲು ಆ ಎಲೆಗಳೊಳಗಿಂದ ಇಳಿದು ಬರುತ್ತಿತ್ತು. ಅಪ್ಪಯ್ಯನ ಬಿಳಿ ಅಂಗಿ ಕೂಡ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಬೆಳಕು.

ಸ್ವಲ್ಪ ದೂರ ಹೋದ ಮೇಲೆ ಅವರು ನಿಂತು ಕಾಲಡಿ ನೋಡತೊಡಗಿದರು. ಉದುರಿದ ಎಲೆಗಳ ನಡುವೆ ದಪ್ಪ ದಿಮ್ಮಿಗಳು ಅಡ್ಡಡ್ಡ ಹೂತುಕೊಂಡಿದ್ದವು.

"ಇದು ರೈಲಿನ ಸ್ಲೀಪರ್ ಅಲ್ವಾ?"

ಹೌದು. ನಾವು ನಡೆಯುತ್ತಿದ್ದುದು ಹಳೆಯ ರೈಲುದಾರಿಯ ಮೇಲೆ. 1890ರ ದಶಕದಲ್ಲಿ ಜೆ.ಇ. ಹೆನ್ರಿ ಎಂಬ ಮರದ ವ್ಯಾಪಾರಿ ಮರ ಸಾಗಿಸಲು ಹಾಕಿಸಿದ ದಾರಿ ಅದು. ಬೆಟ್ಟಗಳನ್ನು ಬೋಳಿಸಿ ದಿಮ್ಮಿಗಳನ್ನು ಲಿಂಕನ್‌ನ ಮಿಲ್ಲಿಗೆ ಇಳಿಸುತ್ತಿದ್ದರು. ಕಡಿದ ಮೇಲೆ ಬಿಟ್ಟ ರೆಂಬೆ ಕೊಂಬೆಗಳು ಒಣಗಿ, ಎಂಜಿನ್‌ನ ಕಿಡಿ ಹಾರಿದರೂ ಸಾಕು, ಬೆಂಕಿ ಬೀಳುತ್ತಿತ್ತು. ಬೋಳು ಗುಡ್ಡದಿಂದ ಮಣ್ಣು ಹೊಳೆಗೆ ಇಳಿಯಿತು. ಕೆಳಗೆ ಮೆರಿಮ್ಯಾಕ್ ನದಿಯನ್ನು ನಂಬಿದ್ದ ಬಟ್ಟೆ ಗಿರಣಿಗಳಿಗೂ ಅದರ ಬಿಸಿ ತಟ್ಟಿತು. ಕೊನೆಗೆ 1911ರಲ್ಲಿ ವೀಕ್ಸ್ ಕಾಯ್ದೆ ಬಂತು. ಹೊಳೆಗಳ ಹುಟ್ಟುನೆಲವನ್ನು ಖಾಸಗಿಯವರಿಂದ ಕೊಂಡು ಕಾಡಾಗಿ ಉಳಿಸಲು ಸರ್ಕಾರಕ್ಕೆ ಅಧಿಕಾರ ಸಿಕ್ಕಿತು. 1918ರಲ್ಲಿ ಇಲ್ಲಿನ ರಾಷ್ಟ್ರೀಯ ಅರಣ್ಯ ಹುಟ್ಟಿತು. ಈಗ ಅದು ಸುಮಾರು 8 ಲಕ್ಷ ಎಕರೆ. ಈ ಕಣಿವೆಯ ರೈಲು ಮಾತ್ರ 1948ರವರೆಗೂ ಓಡಿತು.

ನನಗೆ ಈ ಕಾಡಿನ ಮೇಲೆ ಇಷ್ಟೊಂದು ಪ್ರೀತಿ ಇರುವುದೂ ಇದಕ್ಕೇ. ನೋಡುವವರಿಗೆ ಇದು ಅನಾದಿ ಕಾಲದ್ದು ಅನ್ನಿಸುತ್ತದೆ. ಆದರೆ ನಾವು ಕಂಡ ಮರಗಳಲ್ಲಿ ಬಹುಪಾಲು ಕಡಿದ ನೆಲದಲ್ಲಿ, ಸುಟ್ಟ ನೆಲದಲ್ಲಿ ಮತ್ತೆ ಎದ್ದವು. ಬಿಳಿ ತೊಗಟೆಯ ಬರ್ಚ್ ಅಂತೂ ಸುಟ್ಟ ಜಾಗಕ್ಕೆ ಮೊದಲು ಬರುವ ಮರ. ಬಿಟ್ಟುಕೊಟ್ಟರೆ ಕಾಡು ವಾಪಸ್ ಬರುತ್ತದೆ ಎನ್ನುವುದನ್ನು ನಾನು ಇಲ್ಲಿ ಕಣ್ಣಾರೆ ನೋಡಿದ್ದೇನೆ.

ಅಪ್ಪಯ್ಯ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ಅವರ ಕಥೆ ಶುರುವಾಯಿತು. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಸಣ್ಣ ಹಳಿಯ ರೈಲು ಇತ್ತು. ನಮ್ಮಜ್ಜ ಅದನ್ನು ಟ್ರಾಮ್ ಅನ್ನುತ್ತಿದ್ದರಂತೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದೇ ಮರದ ಇದ್ದಿಲಿನ ಮೇಲೆ. ಅದಕ್ಕೂ ನಮ್ಮ ಕಡೆಯ ಕಾಡೇ ಹೋಗಿತ್ತು. "ಅಲ್ಲಿ ಮರ ಹೋದಲ್ಲಿ ಎಷ್ಟೋ ಕಡೆ ನೀಲಗಿರಿ, ಅಕೇಶಿಯಾ ನೆಟ್ರು. ಇಲ್ಲಿ ಅದರ ಪಾಡಿಗೆ ಅದನ್ನ ಬಿಟ್ರಲ್ಲ, ಅದೇ ಬೇಕಾಗಿತ್ತು" ಅಂದರು. ಅವರ ದನಿಯಲ್ಲಿ ನೋವಿತ್ತು. ನನಗೂ ಹಾಗೇ ಅನ್ನಿಸಿತು.

ಫ್ರಾಂಕೋನಿಯಾ ಜಲಪಾತದ ಹತ್ತಿರ ಹೊಳೆ ಅಗಲವಾದ ಗ್ರಾನೈಟ್ ಬಂಡೆಗಳ ಮೇಲೆ ಹರಿಯುತ್ತದೆ. ಒಣಗಿದ ಬಂಡೆ ನೋಡಿ ಕೂತು ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಮಿಡಿ ಉಪ್ಪಿನಕಾಯಿ. ಮಗಳು ನೀರಿಗೆ ಕಾಲು ಬಿಟ್ಟು ತಕ್ಷಣ ಎಳೆದುಕೊಂಡಳು, ಅಷ್ಟು ಕೊರೆಯುತ್ತಿತ್ತು. ಅವಳೇ ಒಂದು ಕೆಂಪು ಎಲೆ ತಂದು, "ಅಜ್ಜಯ್ಯ, ಇದಕ್ಕೆ ಈ ಬಣ್ಣ ಎಲ್ಲಿಂದ ಬಂತು ಗೊತ್ತಾ?" ಅಂತ ಶಾಲೆಯ ಪಾಠ ಒಪ್ಪಿಸಿದಳು. ಚಳಿ ಶುರುವಾಗಿ ಹಗಲು ಗಿಡ್ಡವಾದಾಗ ಎಲೆಯ ಹಸಿರು ಒಡೆದು ಹೋಗುತ್ತದೆ. ಹಳದಿ ಮೊದಲೇ ಒಳಗಿರುತ್ತದೆ, ಹಸಿರು ಸರಿದಾಗ ಕಾಣುತ್ತದೆ. ಕೆಂಪು ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಕೊನೆಯ ವಾರಗಳಲ್ಲಿ ಹೊಸದಾಗಿ ತಯಾರಾಗುವ ಬಣ್ಣ ಅದು, ಹೆಸರು ಆಂಥೋಸಯನಿನ್. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ.

ಅಪ್ಪಯ್ಯ ಎಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ನಮ್ಮಲ್ಲಿ ಈ ಬಣ್ಣ ಚಿಗುರಿಗೆ ಬರ್ತದೆ. ಮಾವು ನೋಡು, ನಾಗಸಂಪಿಗೆ ನೋಡು. ಇಲ್ಲಿ ಉದುರೋ ಎಲೆಗೆ ಬಂದಿದೆ."

ನಾನು ಇಷ್ಟು ವರ್ಷ ಇಲ್ಲಿದ್ದೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಆಮೇಲೆ ಓದಿದೆ. ಎಳೆ ಚಿಗುರಿನ ಕೆಂಪೂ ಅದೇ ಆಂಥೋಸಯನಿನ್. ಬಲಿಯದ ಎಲೆಯನ್ನು ಜೋರು ಬಿಸಿಲಿನಿಂದ ಕಾಯಲು ಅದು ಬೇಕು ಎಂದು ಅನೇಕ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಉದುರುವ ಎಲೆಯಲ್ಲೂ ಅದು ಇದೇ ಕೆಲಸ ಮಾಡುತ್ತಿರಬಹುದು, ಒಳಗಿನ ಸತ್ವವನ್ನು ಮರ ಹಿಂದಕ್ಕೆ ಎಳೆದುಕೊಳ್ಳುವವರೆಗೆ.

ಮಾರನೇ ದಿನ ನಮ್ಮವರು ಮತ್ತು ಮಗಳು ಫ್ರಾಂಕೋನಿಯಾ ನಾಚ್ ಎಂಬ ಬೆಟ್ಟದ ಕಣಿವೆಯಲ್ಲಿ ಸೈಕಲ್ ಹೊಡೆದರು. ನಾವಿಬ್ಬರು ಎಕೋ ಸರೋವರದ ದಡದಲ್ಲಿ ಬೆಂಚಿನ ಮೇಲೆ ಕೂತು ಬಿಸಿ ಆ್ಯಪಲ್ ಸೈಡರ್ ಕುಡಿದೆವು. ಅಪ್ಪಯ್ಯನ ತಲೆಯಲ್ಲಿ ಇನ್ನೂ ಅದೇ ಓಡುತ್ತಿತ್ತು.

"ಹಾಗಾದ್ರೆ ಈ ಮರದ ಚಿಗುರು ಎಂತ ಬಣ್ಣ?"

"ಕೆಂಪು ಮೇಪಲ್‌ಗೆ ಎಲೆ ಬರುವ ಮೊದಲೇ ಪುಟ್ಟ ಕೆಂಪು ಹೂ ಬಿಡ್ತದೆ ಅಪ್ಪಯ್ಯ. ಆಮೇಲೆ ಬರೋ ಚಿಗುರಲ್ಲೂ ಕೆಂಪು ಇರ್ತದೆ. ಏಪ್ರಿಲ್, ಮೇ ಹೊತ್ತಿಗೆ."

ಅವರು ಮನಸ್ಸಿನಲ್ಲೇ ತೋಟದ ಲೆಕ್ಕ ಹಾಕಿದರು. "ಅಷ್ಟೊತ್ತಿಗೆ ಕೊಯ್ಲು, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದಿರ್ತದೆ. ಮುಂದಿನ ಸಲ ಏಪ್ರಿಲ್‌ಗೇ ಟಿಕೆಟ್ ಮಾಡು. ಮಳೆ ಹಿಡಿಯೋ ಮೊದಲು ವಾಪಸ್ ಕಳಿಸು, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋದಿರ್ತದೆ" ಅಂದರು.