ಟ್ಯಾಂಕ್ ಸುಲಭ, ಕಬ್ಬಿನ ಗದ್ದೆ ಕಷ್ಟ: ಅಸಲ್ ಉತ್ತರ್‌ನ ಒಂದು ಪ್ಯಾಟನ್

ಟ್ಯಾಂಕ್ ಡಯೊರಾಮ, ಅಂದರೆ ಪುಟ್ಟ ಮಾದರಿ ಟ್ಯಾಂಕನ್ನು ಸುತ್ತಲಿನ ನೆಲದ ಸಮೇತ ತೋರಿಸುವ ದೃಶ್ಯ, ಮಾಡುವವರಲ್ಲಿ ಹೆಚ್ಚಿನವರು ಟ್ಯಾಂಕಿಗೆ ತಿಂಗಳುಗಟ್ಟಲೆ ಕೂರುತ್ತಾರೆ, ನೆಲಕ್ಕೆ ಒಂದು ಭಾನುವಾರ ಕೊಡುತ್ತಾರೆ. ಆಮೇಲೆ ನೋಡಿದರೆ 45 ಟನ್ ತೂಗುವ ಗಾಡಿ ಹುಲ್ಲಿನ ಮೇಲೆ ಸುಮ್ನೆ ತಂದಿಟ್ಟ ಹಾಗೆ ಕಾಣುತ್ತದೆ. ಟ್ರ್ಯಾಕಿನ ಕೆಳಗೆ ಒಂದು ಗರಿಕೆಯೂ ಬಗ್ಗಿರುವುದಿಲ್ಲ. ನಾನು ಈ ಸಲ ಆರಿಸಿಕೊಂಡ ಕಥೆಯಲ್ಲಿ ಹಾಗೆ ಮಾಡಿ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ, ಯಾಕೆಂದರೆ ಅಲ್ಲಿ ಟ್ಯಾಂಕನ್ನು ಸೋಲಿಸಿದ್ದರಲ್ಲಿ ದೊಡ್ಡ ಪಾಲು ನೆಲದ್ದೇ.

1965ರ ಭಾರತ-ಪಾಕಿಸ್ತಾನ ಯುದ್ಧ, ಸೆಪ್ಟೆಂಬರ್ 8ರಿಂದ 10. ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ ಅಮೆರಿಕ ಕೊಟ್ಟ M47, M48 ಪ್ಯಾಟನ್ ಟ್ಯಾಂಕ್‌ಗಳನ್ನು ಹೊಡೆದುಕೊಂಡು ಬಂತು. ಈ ಕಡೆ ನಮ್ಮ 4ನೇ ಮೌಂಟನ್ ಡಿವಿಷನ್, ಜೊತೆಗೆ 2ನೇ ಸ್ವತಂತ್ರ ಆರ್ಮರ್ಡ್ ಬ್ರಿಗೇಡ್. 3 ಕ್ಯಾವಲ್ರಿಯ ಸೆಂಚೂರಿಯನ್, ಡೆಕ್ಕನ್ ಹಾರ್ಸ್‌ನ ಶರ್ಮನ್, 8 ಲೈಟ್ ಕ್ಯಾವಲ್ರಿಯ AMX-13 ಟ್ಯಾಂಕ್‌ಗಳು. ಶರ್ಮನ್ ಅಂದರೆ ಎರಡನೇ ಮಹಾಯುದ್ಧದ ಸರಕು. ಕಾಗದದ ಮೇಲೆ ಲೆಕ್ಕ ಹಾಕಿದರೆ ಪ್ಯಾಟನ್ ಗೆಲ್ಲಬೇಕಿತ್ತು. ಆದರೆ ನಮ್ಮವರು ಕಾಲುವೆ ಒಡೆದು ಗದ್ದೆಗಳಿಗೆ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ಆಳೆತ್ತರ ದಾಟಿದ ಕಬ್ಬಿತ್ತು, ಆ ಕಬ್ಬಿನ ಮರೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ಹೊಂಚು ಹಾಕಿ ಕೂತಿದ್ದರು. ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಕೊಂಡವು. ಹತ್ತಿರ ಹತ್ತಿರ ನೂರು ಟ್ಯಾಂಕ್ ಹೋಯಿತು. ಎಷ್ಟೋ ಟ್ಯಾಂಕ್‌ಗಳು ಹೆಚ್ಚು ಪೆಟ್ಟಿಲ್ಲದೆ ಇಡಿಯಾಗಿ ಸಿಕ್ಕವು. ಅವನ್ನೆಲ್ಲ ಭಿಖಿವಿಂಡ್‌ನಲ್ಲಿ ತಂದು ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು.

ನನಗೆ ಬೇಕಿದ್ದದ್ದು ಅಂಥದ್ದೇ ಒಂದು. ಉರಿಯುತ್ತಿರುವ ಟ್ಯಾಂಕ್ ಅಲ್ಲ, ಗುಂಡು ಬಿದ್ದು ಸೀಳಿದ್ದೂ ಅಲ್ಲ. ಹೂತು ನಿಂತು, ಹ್ಯಾಚ್ ತೆರೆದುಕೊಂಡು, ಒಳಗೆ ಯಾರೂ ಇಲ್ಲದ M47.

ಈ ಕೆಲಸದ ಫೋಟೊ ನೋಡಿದವರೆಲ್ಲ ಕೇಳಿದ್ದು ಒಂದೇ, ಅಬ್ದುಲ್ ಹಮೀದ್ ಎಲ್ಲಿ? ನ್ಯಾಯವಾದ ಪ್ರಶ್ನೆ. 4 ಗ್ರೆನೇಡಿಯರ್ಸ್‌ನ ಹಮೀದ್ ಜೀಪಿನ ಮೇಲಿನ 106 ಮಿಮೀ ರಿಕಾಯಿಲ್‌ಲೆಸ್ ಗನ್ ಹಿಡಿದು ಒಂದರ ಹಿಂದೆ ಒಂದು ಟ್ಯಾಂಕ್ ಹೊಡೆದು ಅಲ್ಲೇ ಪ್ರಾಣ ಕೊಟ್ಟವರು, ಪರಮವೀರ ಚಕ್ರ ಬಂದವರು. ಆದರೆ ಸ್ಕೇಲ್ ಅನ್ನೋದು ಒಂದಿದೆಯಲ್ಲ. ನನ್ನ ಮಾದರಿ 1/35, ಅಂದರೆ ನಿಜದ ಅಳತೆಯ ಮೂವತ್ತೈದರಲ್ಲಿ ಒಂದು ಪಾಲು. ಅದರಲ್ಲಿ ನೂರು ಮೀಟರ್ ಅಂದರೆ ಸುಮಾರು 2.9 ಮೀಟರ್. ಅಂದರೆ ಟ್ಯಾಂಕ್ ನಮ್ಮ ನಡುಮನೆಯ ಈ ಗೋಡೆಗಿದ್ದರೆ ಜೀಪ್ ಆ ಗೋಡೆಗೆ ಇರಬೇಕು. 30 ಸೆಂ.ಮೀ. ಹಲಗೆಯ ಮೇಲೆ ಎರಡನ್ನೂ ಇಟ್ಟರೆ ಹಮೀದ್ ಬಾನೆಟ್ ಮೇಲಿಂದ ಪ್ಯಾಟನ್‌ಗೆ ಕೈ ಕುಲುಕುವ ಹಾಗಿರುತ್ತದೆ. ಸ್ಪರ್ಧೆಗಳಲ್ಲಿ ಇಂಥವು ಬೇಕಾದಷ್ಟು ಕಾಣಸಿಗುತ್ತವೆ, ನನಗೆ ಒಗ್ಗುವುದಿಲ್ಲ. ಜೀಪಿಗೆ ಬೇರೆಯೇ ಹಲಗೆ ಮಾಡಬೇಕು, ಅದರಲ್ಲಿ ಟ್ಯಾಂಕ್ ಇರಬಾರದು.

ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಟ್ಯಾಂಕ್ ಮಾಡುವ ಕಿಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಟಾಲೇರಿ ಕಂಪನಿಯ ಹಳೇ M47. ಈಗ ಟಾಕೋಮ್ ಕಂಪನಿಯದ್ದೂ ಇದೆ, ವಿವರ ಇನ್ನೂ ಚೆನ್ನಾಗಿದೆ, ದುಡ್ಡೂ ಅದಕ್ಕೆ ತಕ್ಕಂತೆ. ಅರ್ಧ ಕೆಸರಲ್ಲಿ ಮುಚ್ಚಿಹೋಗುವ ಗಾಡಿಗೆ ನನಗೆ ಹಳೆಯದೇ ಸಾಕಾಯಿತು. ಮಾಡಲೇಬೇಕಾದ ಒಂದು ತಿದ್ದುಪಡಿ ಗೋಪುರದ್ದು, ಅಂದರೆ ಗನ್ ಕೂರಿಸಿರುವ, ತಿರುಗುವ ಮೇಲ್ಭಾಗದ್ದು. ಪ್ಯಾಟನ್ ಗೋಪುರ ಎರಕ ಹೊಯ್ದ ಉಕ್ಕು, ಮೈ ತರಿತರಿಯಾಗಿರುತ್ತದೆ. ಪ್ಲಾಸ್ಟಿಕ್ ಮಾತ್ರ ನುಣ್ಣಗೆ. ಅದಕ್ಕೆ ತೆಳು ಗ್ಲೂ ಸವರಿ, ಮೇಲೆ ದಪ್ಪ ಪ್ರೈಮರನ್ನು ಸವೆದ ಗಟ್ಟಿ ಬ್ರಷ್‌ನಿಂದ ಕುಟ್ಟುತ್ತಾ ಹೋಗಬೇಕು. ಒಣಗಿದ ಮೇಲೆ ನಯ ಸ್ಯಾಂಡ್‌ಪೇಪರ್‌ನಿಂದ ತುದಿಗಳನ್ನು ಮಾತ್ರ ಉಜ್ಜಬೇಕು. ಮಹಾರಾಷ್ಟ್ರದ ಅಹಿಲ್ಯಾನಗರದ (ಮೊದಲಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿ ಉಕ್ಕಿನ ಮೈ ಹೇಗಿರುತ್ತದೆ ಅಂತ ನೋಡಿಕೊಂಡು ಬಂದರೆ ಈ ಕೆಲಸ ಸಲೀಸು. ಬಣ್ಣಕ್ಕೆ ಮಾತ್ರ ಮ್ಯೂಸಿಯಂ ಟ್ಯಾಂಕನ್ನು ನಂಬಬೇಡಿ, ಬಯಲಲ್ಲಿ ನಿಲ್ಲಿಸಿದ ಗಾಡಿಗೆ ಯಾವ ಡಬ್ಬಿ ಸಿಕ್ಕರೆ ಅದು ಬಳಿದಿರುತ್ತಾರೆ.

ಈಗ ನೆಲ. ಹಲಗೆಯ ಮೇಲೆ ಥರ್ಮಾಕೋಲ್, ಅದರ ಮೇಲೆ ಪ್ಲಾಸ್ಟರ್, ಅದರ ಮೇಲೆ ಜರಡಿ ಹಿಡಿದ ನಿಜವಾದ ಮಣ್ಣು ಮತ್ತು ಫೆವಿಕಾಲ್. ಮಣ್ಣನ್ನು ಮೊದಲು ಹಳೇ ಬಾಣಲೆಯಲ್ಲಿ ಚೆನ್ನಾಗಿ ಹುರಿಯಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಡಯೊರಾಮದೊಳಗೆ ಬೂಷ್ಟು ಬರುತ್ತದೆ. ನನ್ನೂರು ಮಂಡ್ಯದ ಕಡೆ, ಮನೆ ಹಿಂದೆ ಬೇಕಾದಷ್ಟು ಕೆಂಪು ಮಣ್ಣು ಬಿದ್ದಿದೆ. ಒಂದು ಚಿಟಿಕೆಯೂ ಉಪಯೋಗಕ್ಕಿಲ್ಲ. ಪಂಜಾಬಿನದು ನದಿ ತಂದು ಹಾಸಿದ ಮೆಕ್ಕಲು ಮಣ್ಣು, ಒಣಗಿದಾಗ ಬೂದಿ ಬೆರೆತ ಹಳದಿ, ನೆಂದಾಗ ಕಂದು. ಕೆಂಪಿನ ಛಾಯೆ ಸ್ವಲ್ಪ ಬಂದರೂ ಖೇಮ್‌ಕರಣ್ ಹೋಗಿ ಮದ್ದೂರು ಆಗಿಬಿಡುತ್ತದೆ. ಟೈಲ್ಸ್ ಸಂದಿಗೆ ತುಂಬುವ ಬೂದು ಗ್ರೌಟ್ ಪುಡಿ, ಜೊತೆಗೆ ಸ್ವಲ್ಪ ಹಳದಿ ಪಿಗ್ಮೆಂಟ್ (ಬಣ್ಣದ ಪುಡಿ) ಬೆರೆಸಿದರೆ ಸರಿಯಾದ ಬಣ್ಣ ಸಿಗುತ್ತದೆ.

ತೂಕ ಕಾಣಿಸುವುದು ಇಲ್ಲೇ. ಪ್ಯಾಟನ್‌ನ ಡ್ರೈವ್ ಸ್ಪ್ರಾಕೆಟ್, ಅಂದರೆ ಟ್ರ್ಯಾಕನ್ನು ತಿರುಗಿಸುವ ಹಲ್ಲುಗಾಲಿ, ಹಿಂದಿದೆ. ಸಿಕ್ಕಿಕೊಂಡ ಡ್ರೈವರ್ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಟ್ರ್ಯಾಕ್ ನಿಂತಲ್ಲೇ ತಿರುಗಿ ಕೆಳಗಿನ ಮಣ್ಣನ್ನು ಹಿಂದಕ್ಕೆ ಎಸೆಯುತ್ತದೆ, ಗಾಡಿ ಹಿಂಭಾಗದಿಂದ ಕುಸಿಯುತ್ತದೆ, ಕೊನೆಗೆ ಹೊಟ್ಟೆ ನೆಲಕ್ಕೆ ತಾಗಿದರೆ ಮುಗಿಯಿತು, ಟ್ರ್ಯಾಕ್ ಎಷ್ಟು ತಿರುಗಿದರೂ ಹಿಡಿತ ಸಿಗುವುದಿಲ್ಲ. ಹಾಗಾಗಿ ಹಿಂದೆ ತಗ್ಗು, ಎಡಕ್ಕೆ ಸ್ವಲ್ಪ ವಾಲು, ಎರಡೂ ಬದಿ ಉಬ್ಬಿ ಬಂದ ಕೆಸರಿನ ದಿಂಡು. ಪ್ಲಾಸ್ಟರ್ ಹಸಿಯಿದ್ದಾಗಲೇ ಟ್ಯಾಂಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತಿ, ಅಚ್ಚು ಬಿದ್ದ ಮೇಲೆ ಎತ್ತಿಬಿಡಬೇಕು. ಆಮೇಲೆ ಟ್ಯಾಂಕ್ ಬೇರೆ, ನೆಲ ಬೇರೆ ಬಣ್ಣ ಬಳಿದು, ಕೊನೆಗೆ ಮತ್ತೆ ಕೂರಿಸಿದರೆ ಅಳತೆ ತೆಗೆದ ಹಾಗೆ ಕೂರುತ್ತದೆ. ಇನ್ನೊಂದು ಮಾತು, ಪ್ಯಾಟನ್‌ನದು ಟಾರ್ಷನ್ ಬಾರ್ ಸಸ್ಪೆನ್ಷನ್. ಒಂದೊಂದು ಗಾಲಿಯೂ ಅದರ ಪಾಡಿಗೆ ಮೇಲೆ ಕೆಳಗೆ ಆಡುತ್ತದೆ. ಕಿಟ್‌ನಲ್ಲಿ ಗಾಲಿಯ ತೋಳುಗಳೆಲ್ಲ ಒಂದೇ ಮಟ್ಟಕ್ಕೆ ಕೂರುವಂತೆ ಪಿನ್ ಕೊಟ್ಟಿದ್ದರೆ ಅದನ್ನು ಕತ್ತರಿಸಿ, ನೆಲಕ್ಕೆ ತಕ್ಕ ಹಾಗೆ ಅಂಟಿಸಿ. ಹಳ್ಳದಲ್ಲಿ ನಿಂತ ಟ್ಯಾಂಕಿನ ಗಾಲಿಗಳು ಸ್ಕೇಲ್ ಇಟ್ಟು ಗೆರೆ ಎಳೆದಂತಿದ್ದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಕಬ್ಬಿಗೆ ಬಂದಾಗ ಊರಲ್ಲಿ ಗದ್ದೆ ಮಾಡುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಟ್ಯಾಂಕ್ ವಿಷಯ ಅವರಿಗೆ ಬೇಕಿಲ್ಲ. "ಎಷ್ಟ್ ತಿಂಗ್ಳು ಕಬ್ಬು ಕಣೋ ಅದು? ಅದ್ ಹೇಳು ಮೊದ್ಲು" ಅಂದರು. ಅಲ್ಲಿ ಫೆಬ್ರವರಿ-ಮಾರ್ಚಲ್ಲಿ ನಾಟಿ ಮಾಡ್ತಾರೆ ಚಿಕ್ಕಪ್ಪ, ಯುದ್ಧ ಆಗಿದ್ದು ಸೆಪ್ಟೆಂಬರಲ್ಲಿ ಅಂದೆ. "ಹಂಗಾರೆ ಆರೇಳು ತಿಂಗ್ಳು. ಕೆಳಗ್ ತರಗು ಒಣಗಿರ್‌ಬೇಕು, ಮೇಲೆ ಸೋಗೆ ಹಸ್ರಾಗಿರ್‌ಬೇಕು, ಸೂಲಂಗಿ ಗೀಲಂಗಿ ಹಾಕ್ಬುಟ್ಟೀಯ, ಉಸಾರು." ಸೋಗೆ ಅಂದರೆ ಕಬ್ಬಿನ ಎಲೆ, ಸೂಲಂಗಿ ಅಂದರೆ ಅದರ ಹೂ. ಈ ಮಾತು ಯಾವ ಮಾಡೆಲಿಂಗ್ ವೀಡಿಯೊದಲ್ಲೂ ಸಿಗುವುದಿಲ್ಲ.

ಲೆಕ್ಕ ಹೀಗೆ. ಎರಡೂವರೆಯಿಂದ ಮೂರು ಮೀಟರ್ ಕಬ್ಬು ಅಂದರೆ ಸ್ಕೇಲಿನಲ್ಲಿ 7ರಿಂದ 8.5 ಸೆಂ.ಮೀ. ಪ್ಯಾಟನ್‌ನ ಎತ್ತರ ಹೆಚ್ಚುಕಮ್ಮಿ 9 ಸೆಂ.ಮೀ. ಈ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗಲೇ ಯುದ್ಧದ ಅರ್ಧ ಕಥೆ ಅರ್ಥವಾಗುವುದು. ಗೋಪುರದಿಂದ ತಲೆ ಹೊರಗಿಟ್ಟ ಕಮಾಂಡರ್‌ಗೆ ಸೋಗೆಯ ತುದಿಗಳಷ್ಟೇ ಕಾಣುತ್ತವೆ, ಕೆಳಗೆ ಕೂತ ಡ್ರೈವರ್‌ಗೆ ಮುಂದಿನ ಸಾಲಿನ ಕಬ್ಬು ಬಿಟ್ಟು ಏನೂ ಕಾಣುವುದಿಲ್ಲ. 90 ಮಿಮೀ ಗನ್ ಇದ್ದು ಏನು ಮಾಡೋದು, ಅಲ್ವಾ?

ಕಾಂಡಕ್ಕೆ ತೆಂಗಿನ ಕಡ್ಡಿ, ಅದೂ ಪೊರಕೆಯ ತುದಿಯ ಭಾಗ, ಒಂದು ಮಿಲಿಮೀಟರ್ ಒಳಗೆ ದಪ್ಪ ಇರುವಂಥದ್ದು. ಗೆಣ್ಣಿಗೆ ತೆಳುವಾಗಿ ಗಾಢ ಬಣ್ಣದ ಗೆರೆ. ಸೋಗೆಗೆ ತೆಳು ಕಾಗದ, ಒಂದೂವರೆ ಮಿಲಿಮೀಟರ್ ಅಗಲ, ಮೂರು ಸೆಂ.ಮೀ. ಉದ್ದ, ನಡುವೆ ಉದ್ದಕ್ಕೆ ಮಡಿಕೆ. ನಡುನರ ಬಿಳಿಚಿಕೊಂಡಿರಬೇಕು, ಅದೊಂದಿಲ್ಲದಿದ್ದರೆ ದೂರದಿಂದ ಕಬ್ಬಿನ ಹಾಗೆ ಕಾಣುವುದಿಲ್ಲ. ನನ್ನ ಹಲಗೆ 30ಕ್ಕೆ 25 ಸೆಂ.ಮೀ., ಅಂದರೆ ನಿಜದಲ್ಲಿ ಸುಮಾರು 92 ಚದರ ಮೀಟರ್ ಗದ್ದೆ. ಚದರ ಮೀಟರಿಗೆ ಹತ್ತು ಕಬ್ಬು ಅಂತ ಇಟ್ಟುಕೊಂಡರೂ ಒಂಬೈನೂರು ದಾಟುತ್ತದೆ. ಟ್ಯಾಂಕ್ ನಿಂತ ಜಾಗ, ನೀರು ನಿಂತ ಜಾಗ ಕಳೆದರೂ ನಾನೂರರ ಮೇಲೆ ಬೇಕು. ಅಂಚಿನ ಸಾಲುಗಳಿಗೆ ಮಾತ್ರ ಪೂರ್ತಿ ಕೆಲಸ, ಒಳಗಿನವಕ್ಕೆ ಕಡ್ಡಿ ಮತ್ತು ಮೇಲೆರಡು ಸೋಗೆ ಸಾಕು. ಪೊರಕೆ ಹೀಗೆ ಸವೆಯುತ್ತಾ ಹೋದದ್ದಕ್ಕೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಬಿದ್ದ ಕಬ್ಬಿನ ಬಗ್ಗೆ ಎಚ್ಚರ ಬೇಕು. ಟ್ಯಾಂಕ್ ಬಂದ ದಾರಿಯಲ್ಲಿ ಕಬ್ಬು ಬೀಳುವುದು ಗಾಡಿ ಹೋಗುತ್ತಿದ್ದ ದಿಕ್ಕಿಗೇ, ಅತ್ತ ಇತ್ತ ಅಲ್ಲ. ಮೊದಲು ಮೂತಿ ಅದನ್ನು ಮುಂದಕ್ಕೆ ತಳ್ಳಿ ಬಗ್ಗಿಸುತ್ತದೆ, ಆಮೇಲೆ ಟ್ರ್ಯಾಕ್ ಹತ್ತುತ್ತದೆ. ಟ್ರ್ಯಾಕಿನ ಎರಡು ಸಾಲಲ್ಲಿ ಜಜ್ಜಿ ಮಣ್ಣಿಗೆ ಸೇರಿರುತ್ತದೆ, ನಡುವೆ ಹೊಟ್ಟೆಯ ಕೆಳಗೆ ಬಂದದ್ದು ಮುರಿದರೂ ಪೂರ್ತಿ ಅಪ್ಪಚ್ಚಿಯಾಗಿರುವುದಿಲ್ಲ. ಮುರಿದ ತುದಿಗೆ ನಸು ಹಳದಿ ಬಿಳುಪು ಕೊಡಿ, ಒಂದೆರಡು ಸೋಗೆ ಸ್ಪ್ರಾಕೆಟ್ಟಿಗೆ ಸುತ್ತಿಕೊಳ್ಳಲಿ.

ನೀರಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ರೆಸಿನ್. ಒಂದೇ ಸಲ ದಪ್ಪ ಸುರಿದರೆ ಅದು ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಕೆಳಗೆ ಥರ್ಮಾಕೋಲ್ ಇದ್ದರೆ ಕರಗಿ ಗುಂಡಿ ಬೀಳುತ್ತದೆ. ಎರಡು ಮೂರು ಮಿಲಿಮೀಟರ್ ಪದರವಾಗಿ ಹಾಕಿ. ತಿಳಿನೀರು ಬೇಡ, ಟ್ಯಾಂಕ್ ಕಲಕಿದ ಗದ್ದೆ ಇದು, ಹಾಲು ಹಾಕಿದ ಟೀ ಬಣ್ಣ ಬರಬೇಕು. ಒಂದೆರಡು ಹನಿ ಮಣ್ಣಿನ ಬಣ್ಣದ ಅಕ್ರಿಲಿಕ್ ಸಾಕು. ಒಂದು ತೊಂದರೆ ಅಂದರೆ ರೆಸಿನ್ ಕಡ್ಡಿಗಳನ್ನು ಹಿಡಿದು ತಾನಾಗಿ ಮೇಲೆ ಹತ್ತುತ್ತದೆ, ಬುಡವೆಲ್ಲ ಮಿರಿಮಿರಿ. ಅದಕ್ಕೆ ನೀರೊಳಗೆ ನಿಲ್ಲುವ ಕಬ್ಬಿನ ಜಾಗದಲ್ಲಿ ಮೊದಲು ರೆಸಿನ್ ಹಾಕಿ, ಗಟ್ಟಿಯಾದ ಮೇಲೆ ಸಣ್ಣ ಡ್ರಿಲ್‌ನಿಂದ ತೂತು ಕೊರೆದು ಕಡ್ಡಿ ನೆಟ್ಟೆ. ರೇಜಿಗೆ ಹಿಡಿಸುವ ಕೆಲಸ, ಆದರೆ ನೀರಿನ ಮೈ ಸಮವಾಗಿ ನಿಂತಿದೆ.

ಕೊನೆಯದು ಟ್ಯಾಂಕಿನ ಮೇಲಿನ ಕೊಳೆ. ತುಕ್ಕಿನ ಚಟದಿಂದ ದಯವಿಟ್ಟು ಹೊರಗೆ ಬನ್ನಿ. ಇದು ಓಡಾಡುತ್ತಿದ್ದ ಸೈನ್ಯದ ಗಾಡಿ, ಗುಜರಿಯಲ್ಲಿ ಇಪ್ಪತ್ತು ವರ್ಷ ಬಿದ್ದದ್ದಲ್ಲ. ಸೈಲೆನ್ಸರ್ ಮೇಲೆ ಸ್ವಲ್ಪ ತುಕ್ಕು, ಹತ್ತಿ ಇಳಿಯುವ ಜಾಗದಲ್ಲಿ ಬಣ್ಣ ಸವೆತ, ಅಷ್ಟು ಸಾಕು. ಮೇಲ್ಭಾಗಕ್ಕೆ ಒಣ ಧೂಳು, ಪೂರ್ತಿ ಮ್ಯಾಟ್. ಗಾಲಿಯ ಮಟ್ಟದಲ್ಲಿ ಅರ್ಧ ಒಣಗಿದ ಕೆಸರು. ಅದರ ಕೆಳಗೆ ಹಸಿ ಕೆಸರು, ಅಲ್ಲಿ ಮಾತ್ರ ಹೊಳಪು ವಾರ್ನಿಷ್. ನೆಲದ್ದೂ ಟ್ಯಾಂಕಿನದ್ದೂ ಒಂದೇ ಬಟ್ಟಲಿನಲ್ಲಿ ಕಲಸಿದ ಕೆಸರು ಆಗಿರಬೇಕು. ಟ್ಯಾಂಕಿನ ಮೇಲೆ ಅಂಗಡಿಯ ಪಿಗ್ಮೆಂಟ್, ನೆಲಕ್ಕೆ ಇನ್ನೇನೋ ಹಾಕಿದರೆ ಎರಡೂ ಬೇರೆ ಬೇರೆ ಜಿಲ್ಲೆಯವು ಅನ್ನಿಸುತ್ತವೆ.

ಸದ್ಯಕ್ಕೆ ಬಾಕಿ ಇರುವುದು ಇಡೀ ಡಯೊರಾಮವನ್ನು ಮುಚ್ಚಿಡುವ ಪಾರದರ್ಶಕ ಅಕ್ರಿಲಿಕ್ ಡಬ್ಬಿ. ಕಾಗದದ ಸೋಗೆಯ ಮೇಲೆ ಧೂಳು ಕೂತರೆ ಒರೆಸಲಾಗುವುದಿಲ್ಲ, ಊದಲೂ ಆಗುವುದಿಲ್ಲ, ಹಾಗಾಗಿ ಡಬ್ಬಿ ಬರುವ ತನಕ ಹಳೇ ಫಿಶ್ ಟ್ಯಾಂಕನ್ನು ಬೋರಲು ಹಾಕಿದ್ದೇನೆ. ಮುಂದಿನದು ಜೀಪಿನ ಹಲಗೆ. ಅದಕ್ಕೂ ಕಬ್ಬು ಬೇಕು, ಈ ಸಲ ಪೊರಕೆ ನನ್ನ ದುಡ್ಡಲ್ಲೇ ತರಬೇಕಂತೆ.