ದಶಮಾಂಶದ ಬಲಗಡೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೊದಲ ದಿನ ನನ್ನ ಕಿವಿಗೆ ಬಿದ್ದ ಮಾತು ‘ಜಾಬ್ ಹೋಯ್ತು’ ಎಂಬುದು. ಹಾಗೆಂದ ಆಪರೇಟರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು, ಪಕ್ಕದಲ್ಲಿದ್ದ ಇಬ್ಬರು ‘ಛೇ’ ಎಂದರು, ಪಾಪ ಯಾರೋ ಕೆಲಸ ಕಳೆದುಕೊಂಡರೆಂದು ನಾನೂ ಮರುಗಿದೆ. ಅಲ್ಲಿ ಜಾಬ್ ಎಂದರೆ ಉದ್ಯೋಗವಲ್ಲ, ಯಂತ್ರದ ಮೇಲೆ ಕಟ್ಟಿರುವ ಲೋಹದ ತುಂಡು ಎಂಬುದು ಊಟದ ಹೊತ್ತಿಗೆ ತಿಳಿಯಿತು. ಆ ತುಂಡಿನಲ್ಲಿ ಒಂದು ರಂಧ್ರ ಬೇಕಾದುದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿತ್ತು. ಕೊರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಅದು ಕೆಂಪು ಬಣ್ಣದ ರಿಜೆಕ್ಷನ್ ಡಬ್ಬಿಗೆ ಸೇರಿತು.

ಅದು 2022ನೆಯ ಇಸವಿ. ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ನನಗೆ ಆರನೆಯ ಸೆಮಿಸ್ಟರ್ ಮುಗಿದ ರಜೆಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಬೇಕಿತ್ತು. ಹಣ ಕಟ್ಟಿದರೆ ಮನೆಯಲ್ಲಿ ಕೂತವರಿಗೂ ಸರ್ಟಿಫಿಕೇಟ್ ಕಳಿಸಿಕೊಡುವ ಸಂಸ್ಥೆಗಳು ಆಗ ಬೇಕಾದಷ್ಟಿದ್ದವು, ಗೆಳೆಯರಲ್ಲಿ ಅನೇಕರು ಆ ದಾರಿಯನ್ನೇ ಹಿಡಿದರು. ನಮ್ಮೂರಿನವರೊಬ್ಬರು ಪೀಣ್ಯದ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿದ್ದುದರಿಂದ ನಾನು ಅಲ್ಲಿಗೆ ಹೋದೆ. ಅದರ ಹಿಂದೆ ದೊಡ್ಡ ಆದರ್ಶವೇನೂ ಇರಲಿಲ್ಲ. ಒಂದೊಂದು ಕಾರ್ಖಾನೆಯ ಅಗತ್ಯಕ್ಕೆ ತಕ್ಕಂತೆ ಹೊಸದಾಗಿ ವಿನ್ಯಾಸ ಮಾಡಿ ಕಟ್ಟಿಕೊಡುವ, ಪೀಣ್ಯದವರೆಲ್ಲ ಎಸ್‌ಪಿಎಂ ಎಂದು ಕರೆಯುವ ವಿಶೇಷ ಯಂತ್ರಗಳನ್ನು ಆ ಕಂಪನಿ ತಯಾರಿಸುತ್ತಿತ್ತು. ಮಹಡಿಯ ಮೇಲೆ ಹವಾನಿಯಂತ್ರಿತ ಡಿಸೈನ್ ವಿಭಾಗ, ಕೆಳಗೆ ತಗಡಿನ ಶೆಡ್ಡಿನಲ್ಲಿ ಯಂತ್ರಗಳು, ಮೂಲೆಯಲ್ಲಿ ಗಾಜಿನ ಬಾಗಿಲಿನ ಸ್ಟ್ಯಾಂಡರ್ಡ್ಸ್ ರೂಮ್, ಅಂದರೆ ಅಳತೆಗಳನ್ನು ಪರೀಕ್ಷಿಸುವ ಕೋಣೆ. ಮೇಲಿನವರು ಕೆಳಗೆ ಬರುವುದು ಅಪರೂಪ, ಕೆಳಗಿನವರು ಮೇಲೆ ಹೋಗುವುದು ಇನ್ನೂ ಅಪರೂಪ. ನನ್ನನ್ನು ಕೆಳಗೆ ಬಿಟ್ಟರು.

ಅಳತೆಯ ವಿಷಯದಲ್ಲಿ ನನಗೆ ಆತ್ಮವಿಶ್ವಾಸಕ್ಕೇನೂ ಕೊರತೆಯಿರಲಿಲ್ಲ. ವರ್ನಿಯರ್ ಕ್ಯಾಲಿಪರ್‌ನ ಕನಿಷ್ಠ ಅಳತೆ 0.02 ಮಿಲಿಮೀಟರ್, ಮೈಕ್ರೋಮೀಟರ್‌ನದು 0.01 ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಪ್ರಯೋಗಾಲಯದಲ್ಲಿ ನಾವು ಅಳೆಯುತ್ತಿದ್ದುದು ರೆಕಾರ್ಡ್ ಪುಸ್ತಕವನ್ನು ತುಂಬಿಸುವುದಕ್ಕಾಗಿ. ಬರಬೇಕಾದ ಉತ್ತರ ಹಿಂದಿನ ಬ್ಯಾಚಿನವರ ಪುಸ್ತಕದಲ್ಲಿ ಮೊದಲೇ ಇರುತ್ತಿತ್ತು, ಉಪಕರಣ ಬೇರೆ ಏನನ್ನಾದರೂ ತೋರಿಸಿದರೆ ತಪ್ಪು ಉಪಕರಣದ್ದೆಂದು ತಿಳಿದು ಮುಂದೆ ಹೋಗುತ್ತಿದ್ದೆವು. ಒಂದು ಅಂಕೆಯನ್ನು ಬರೆದರೆ ಅದನ್ನು ನಂಬಿ ಇನ್ನೊಬ್ಬರು ಏನನ್ನೋ ಮಾಡುತ್ತಾರೆ ಎಂಬ ಅನುಭವ ಮೂರು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.

ಆ ಅನುಭವ ಎರಡನೆಯ ವಾರದಲ್ಲಿ ಆಯಿತು. ಅಲ್ಯುಮಿನಿಯಂನ ಬೇರಿಂಗ್ ಹೌಸಿಂಗ್‌ಗಳ, ಅಂದರೆ ಬೇರಿಂಗನ್ನು ಹಿಡಿದಿಡುವ ಕವಚಗಳ, ಒಂದು ಲಾಟ್ ಯಂತ್ರದ ಮೇಲಿತ್ತು. 6208 ಸಂಖ್ಯೆಯ ಬೇರಿಂಗ್ ಕೂರುವ ರಂಧ್ರವದು: ವ್ಯಾಸ 80 ಮಿಲಿಮೀಟರ್, ಡ್ರಾಯಿಂಗ್‌ನಲ್ಲಿ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂದು ಹೇಳುವ ಎಚ್7 ಎಂಬ ಸಂಕೇತವಿತ್ತು, ಅಂದರೆ 80.000ಕ್ಕಿಂತ ಕಡಿಮೆಯಾಗುವಂತಿಲ್ಲ, 80.030ನ್ನು ಮೀರುವಂತಿಲ್ಲ. ಮೊದಲ ತುಂಡು ಹೊರಬಂದಾಗ ಇನ್‌ಸ್ಪೆಕ್ಟರ್ ಊಟಕ್ಕೆ ಹೋಗಿದ್ದರು. ಆಪರೇಟರ್ ಉತ್ತರ ಕರ್ನಾಟಕದ ಕಡೆಯ ತರುಣ, ನನಗಿಂತ ಹೆಚ್ಚೆಂದರೆ ಎರಡು ವರ್ಷಕ್ಕೆ ದೊಡ್ಡವರು. ‘ನೀವು ಎಂಜಿನಿಯರ್ ಅದೀರಲ್ರೀ, ನೋಡಿ ಹೇಳ್ರಿ’ ಎಂದರು. ಎಂಜಿನಿಯರ್ ಎಂದು ಯಾರಾದರೂ ನನ್ನನ್ನು ಕರೆದದ್ದು ಅದೇ ಮೊದಲು. ಸ್ಟ್ಯಾಂಡರ್ಡ್ಸ್ ರೂಮಿನಿಂದ ಆಗತಾನೇ ತಂದಿದ್ದ, ರಂಧ್ರದ ವ್ಯಾಸ ಅಳೆಯುವ ಬೋರ್ ಗೇಜನ್ನು ಇಳಿಸಿ, ಮೆಲ್ಲಗೆ ಆಚೀಚೆ ತೂಗಿ, ಮುಳ್ಳು ಹಿಂದಕ್ಕೆ ತಿರುಗುವ ಬಿಂದುವನ್ನು ಹಿಡಿದು ಓದಿದೆ: 80.024. ರಂಧ್ರ ಕನಿಷ್ಠ ಅಳತೆಗಿಂತ ಚಿಕ್ಕದಾಗಿಲ್ಲವೆಂದು ನೋಡುವ ಗೋ ಗೇಜ್ ಕೂಡ ಸಲೀಸಾಗಿ ಇಳಿಯಿತು. ಓಕೆ ಎಂದೆ. ಅವರು ರಂಧ್ರ ಕೊರೆಯುವ ಬೋರಿಂಗ್ ಹೆಡ್ಡಿನ ಡಯಲನ್ನು ಮುಟ್ಟದೆ ಮುಂದಿನ ತುಂಡನ್ನು ಕಟ್ಟಿದರು. ಇನ್‌ಸ್ಪೆಕ್ಟರ್ ಬರುವ ದಾರಿಯಲ್ಲಿ ಬೇರೆ ಯಾವುದೋ ತುರ್ತಿಗೆ ಸಿಕ್ಕಿಕೊಂಡರು, ಶಿಫ್ಟ್ ಮುಗಿಯುವಷ್ಟರಲ್ಲಿ ಹನ್ನೊಂದು ಹೌಸಿಂಗ್‌ಗಳು ಸಾಲಾಗಿ ನಿಂತಿದ್ದವು.

ಮರುದಿನ ಬೆಳಿಗ್ಗೆ ಸ್ಟ್ಯಾಂಡರ್ಡ್ಸ್ ರೂಮಿನ ಗ್ರಾನೈಟ್ ಮೇಜಿನ ಮೇಲೆ ಅದೇ ಮೊದಲ ತುಂಡು 79.996 ತೋರಿಸಿತು. ಬೇರಿಂಗ್ ಸಲೀಸಾಗಿ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಅದರೊಳಗಿನ ಗುಂಡುಗಳಿಗೆ ಬೇಕಾದ ಸಡಿಲ ಕಡಿಮೆಯಾಗುತ್ತದೆ. ಉಳಿದ ಹತ್ತರ ಹಣೆಬರಹವೂ ಅದೇ ಆಗಿತ್ತು.

ಆ ಕೋಣೆಯ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಐಟಿಐ ಮುಗಿಸಿ, 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿಯಲ್ಲಿ ಪಳಗಿದವರ ಕೈಕೆಳಗೆ ಕೆಲಸ ಕಲಿತವರು ಅವರು. ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ವಿಚಾರಿಸುತ್ತ ಹೋದರೆ ಇಂಥ ಗುರುಪರಂಪರೆಗಳು ಈಗಲೂ ಸಿಗುತ್ತವೆ. ಅವರು ಬಯ್ಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: ‘ಅಳೆಯೋಕ್ ಮುಂಚೆ ಜಾಬ್ ಮುಟ್ಟಿ ನೋಡಿದ್ಯೇನಪ್ಪಾ?’

ಮುಟ್ಟಿರಲಿಲ್ಲ. ಮುಟ್ಟಿದ್ದರೆ ಬೆಚ್ಚಗಿರುವುದು ತಿಳಿಯುತ್ತಿತ್ತು. ಕೊರೆಯುವಾಗ ತಂಪಿಗೆಂದು ಸುರಿಯುವ ಕೂಲಂಟ್ ದ್ರವವೇ ಬೆಳಗಿನಿಂದ ತಿರುಗಿ ತಿರುಗಿ ಬಂದು ಕಾದಿತ್ತು, ತುಂಡಿನ ಶಾಖ ಸುಮಾರು 35 ಡಿಗ್ರಿ ಇದ್ದಿರಬೇಕು. ಮೇಷ್ಟ್ರು ಹಳೆಯ ಡ್ರಾಯಿಂಗ್ ಒಂದರ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಮೀಟರ್ ಅಲ್ಯುಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. 80 ಮಿಲಿಮೀಟರಿಗೆ, 15 ಡಿಗ್ರಿಗೆ, ಹತ್ತಿರ ಹತ್ತಿರ 28 ಮೈಕ್ರಾನ್. ಎಚ್7 ನಮಗೆ ಕೊಟ್ಟಿದ್ದ ಒಟ್ಟು ಅವಕಾಶವೇ 30 ಮೈಕ್ರಾನ್. ಡ್ರಾಯಿಂಗ್‌ನಲ್ಲಿ ಬರೆದ ಅಳತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಅಳತೆ ಎಂಬ ಒಪ್ಪಂದ 1931ರಿಂದ ಜಗತ್ತಿನಲ್ಲಿ ನಡೆದುಬಂದಿದೆ, ಐಎಸ್‌ಓ ಸಂಸ್ಥೆಯ ಒಂದನೆಯ ಸಂಖ್ಯೆಯ ಮಾನಕ ಹೇಳುವುದೂ ಇದನ್ನೇ. ರೇಖೀಯ ವ್ಯಾಕೋಚನ ಗುಣಾಂಕದ ಸೂತ್ರಕ್ಕೆ ನಾನು ಪಿಯುಸಿಯಲ್ಲಿ ಪೂರ್ಣ ಅಂಕ ಪಡೆದಿದ್ದವನು. ಆ ಸೂತ್ರಕ್ಕೂ ಕೈಯಲ್ಲಿದ್ದ ಹೌಸಿಂಗಿಗೂ ನಂಟಿದೆಯೆಂದು ಹೊಳೆದಿರಲಿಲ್ಲ.

ರಂಧ್ರ ಚಿಕ್ಕದಾಗಿದ್ದುದರಿಂದ ಉಳಿಸಿಕೊಳ್ಳಲು ದಾರಿಯಿತ್ತು, ಆದರೆ ಆ ದಾರಿ ಸುಲಭದ್ದಲ್ಲ. ಒಂದೊಂದನ್ನೂ ಮತ್ತೆ ಕಟ್ಟಿ, ಡಯಲ್ ಗೇಜ್ ಇಟ್ಟು ರಂಧ್ರದ ಕೇಂದ್ರವನ್ನು ಹುಡುಕಿ, ನಾಲ್ಕೈದು ಮೈಕ್ರಾನ್ ಆಚೀಚೆಯಾಗದಂತೆ ಕೂರಿಸಿ, ಆಮೇಲೆ ಕೊರೆಯಬೇಕು. ತೆಗೆಯಬೇಕಾದ ಪದರ ಅಷ್ಟು ತೆಳುವಾದಾಗ ಟೂಲ್ ಕೊಯ್ಯುವುದರ ಬದಲು ಉಜ್ಜಲು ತೊಡಗುತ್ತದೆ, ಮೇಲ್ಮೈ ಕೆಡುತ್ತದೆ. ಅದೇ ಆಪರೇಟರ್ ಮರುದಿನದ ಇಡೀ ಶಿಫ್ಟನ್ನು ಆ ಹನ್ನೊಂದು ತುಂಡುಗಳ ಮೇಲೆ ಕಳೆದರು, ನಾನು ಪಕ್ಕದಲ್ಲಿ ಡಯಲ್ ಹಿಡಿದು ನಿಂತಿದ್ದೆ. ಎರಡು ತುಂಡುಗಳು ಹೋದವು. ರಿಪೋರ್ಟಿನಲ್ಲಿ ಕಾರಣ ಬರೆಯುವ ಕಡೆ ಆಪರೇಟರ್‌ನ ಹೆಸರು ಬಂತೇ ಹೊರತು ನನ್ನದು ಬರಲಿಲ್ಲ, ಏಕೆಂದರೆ ಇಂಟರ್ನ್‌ಗೆ ಅಳೆಯುವ ಅಧಿಕಾರವೇ ಇರಲಿಲ್ಲ. ನಾನು ಸೂಪರ್‌ವೈಸರ್ ಬಳಿ ಹೋಗಿ ಹೇಳಿದೆ. ‘ಫಾರಂ ತುಂಬಿ ಆಗಿದೆ, ಬಿಡು’ ಎಂದರು. ಈ ಸಂಗತಿ ನನಗೆ ಈಗಲೂ ಚುಚ್ಚುತ್ತದೆ.

2023ರಲ್ಲಿ ಪದವಿ ಮುಗಿದ ಮೇಲೆ ಅದೇ ಕಂಪನಿಗೆ ಒಂದು ವರ್ಷದ ಗ್ರಾಜುಯೇಟ್ ಅಪ್ರೆಂಟಿಸ್ ಆಗಿ ಸೇರಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ಬರುವ ಈ ತರಬೇತಿಗೆ ಆಗ ಪದವೀಧರರಿಗೆ ನಿಗದಿಯಾಗಿದ್ದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನನಗೆ ಸಿಕ್ಕದ್ದು ಆ ಕನಿಷ್ಠವೇ. ದಾಸರಹಳ್ಳಿಯಲ್ಲಿ ಮೂವರು ಸೇರಿ ಒಂದು ಕೋಣೆ ಹಿಡಿದೆವು, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ, ರಾತ್ರಿ ಅನ್ನ ಮತ್ತು ಊರಿನಿಂದ ಬಂದ ಚಟ್ನಿಪುಡಿ. ಬೆಂಗಳೂರಿನಲ್ಲಿ ಈ ಮೊತ್ತದಲ್ಲಿ ಬದುಕಬಹುದೇ ಎಂದು ಕೇಳಿದರೆ, ಮನೆಯಿಂದ ಹಣ ಬರುವವರು ಬದುಕಬಹುದು ಎನ್ನುತ್ತೇನೆ. ತರಬೇತಿಗೆ ಅರ್ಹರಾದ, ಆದರೆ ಊರಿನಿಂದ ತರಿಸಿಕೊಳ್ಳುವುದಕ್ಕೆ ಏನೂ ಇಲ್ಲದ ಇಬ್ಬರು ಸಹಪಾಠಿಗಳು ಇದೇ ಕಾರಣಕ್ಕೆ ಕಾಲ್ ಸೆಂಟರ್ ಸೇರಿದರು.

ಮೊದಲ ಎರಡು ತಿಂಗಳು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹಳೆಯ ತಪಾಸಣಾ ಹಾಳೆಗಳನ್ನು ಎಕ್ಸೆಲ್‌ಗೆ ಏರಿಸುವ ಕೆಲಸ ಕೊಟ್ಟರು. ಕೂಲಂಟಿನ ಕಲೆ ಬಿದ್ದ, ಪೆನ್ಸಿಲ್ ಮಾಸಿದ ಹಾಳೆಗಳು. ಅಪ್ರೆಂಟಿಸ್ ಎಂದರೆ ಅಗ್ಗದ ಗುಮಾಸ್ತ ಎಂದು ತಿಳಿಯುವ ಈ ಅಭ್ಯಾಸದ ಬಗ್ಗೆ ನನಗೆ ಆಗ ಸಿಟ್ಟಿತ್ತು, ಈಗಲೂ ಇದೆ. ಆದರೂ ಸಾವಿರಾರು ಅಂಕೆಗಳನ್ನು ಒಂದೊಂದಾಗಿ ಬೆರಳಿನಿಂದ ದಾಟಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಒಂದು ಯಂತ್ರದಲ್ಲಿ ಸೋಮವಾರ ಬೆಳಗಿನ ಮೊದಲ ಮೂರು ನಾಲ್ಕು ತುಂಡುಗಳು ಯಾವಾಗಲೂ ಒಂದೇ ಕಡೆಗೆ ವಾಲುತ್ತಿದ್ದವು. ಭಾನುವಾರ ಪೂರ್ತಿ ತಣ್ಣಗೆ ಮಲಗಿದ್ದ ಸ್ಪಿಂಡಲ್, ಅಂದರೆ ಯಂತ್ರದ ತಿರುಗುವ ದಂಡ, ಬಿಸಿಯೇರುವ ತನಕ ಅಳತೆ ನಿಲ್ಲುತ್ತಿರಲಿಲ್ಲ. ಮಹಾ ಸಂಶೋಧನೆ ಮಾಡಿದವನಂತೆ ಗ್ರಾಫ್ ಮುದ್ರಿಸಿಕೊಂಡು ಮೇಷ್ಟ್ರ ಬಳಿ ಓಡಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಅದಕ್ಕೇ ಸೋಮವಾರ ಇಪ್ಪತ್ತು ನಿಮಿಷ ಖಾಲಿ ಓಡಿಸ್ಬೇಕು ಅಂತ ಬೋರ್ಡ್ ಹಾಕಿರೋದು’ ಎಂದರು. ನಂತರ ಗ್ರಾಫನ್ನು ಇನ್ನೊಮ್ಮೆ ಹತ್ತಿರಕ್ಕೆ ಹಿಡಿದು, ‘ಯಾವ್ಯಾವ ಸೋಮವಾರ ಓಡಿಸಿಲ್ಲ ಅಂತ ಇದ್ರಲ್ಲೇ ಗೊತ್ತಾಗುತ್ತಲ್ಲೋ, ಇದನ್ನ ಇಟ್ಟಿರ್ತೀನಿ’ ಎಂದು ಮಡಿಚಿ ಜೇಬಿಗೆ ಹಾಕಿಕೊಂಡರು.

ಅಪ್ರೆಂಟಿಸ್ ಅವಧಿ ಮುಗಿದ ಮೇಲೆ, 2024ರಲ್ಲಿ, ಡಿಸೈನ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮಹಡಿ ಹತ್ತಿದೆ. ಕೆಳಗೆ ಕಲಿತದ್ದೆಲ್ಲ ನನ್ನ ಜೊತೆಗೇ ಮೆಟ್ಟಿಲೇರಿ ಬಂದಿದೆಯೆಂದು ನಂಬಿದ್ದೆ. ಮೂರನೆಯ ತಿಂಗಳಲ್ಲಿ ನಾನು ಸ್ವತಂತ್ರವಾಗಿ ಮಾಡಿದ ಮೊದಲ ಬೇಸ್ ಪ್ಲೇಟಿನ ಡ್ರಾಯಿಂಗ್ ಹೊರಗಿನ ಒಬ್ಬ ವೆಂಡರಿಗೆ ಹೋಯಿತು. ಪೀಣ್ಯದ ಎರಡನೆಯ ಹಂತದಲ್ಲಿ ಮೂರು ಯಂತ್ರಗಳನ್ನು ಇಟ್ಟುಕೊಂಡು, ಹೆಂಡತಿಯ ಕೈಯಲ್ಲಿ ಲೆಕ್ಕಪತ್ರ ಬರೆಸುತ್ತ ಕಾರ್ಖಾನೆ ನಡೆಸುವವರು ಅವರು. ವಾರದ ನಂತರ ಫೋನ್ ಮಾಡಿದರು. ‘ಸಾರ್, ತಪ್ಪು ತಿಳ್ಕೋಬೇಡಿ. ಎಂಟರ ಬೋಲ್ಟ್ ಸುಮ್ನೆ ಹಾದು ಹೋಗೋ ತೂತಿಗೆ ರೀಮರ್ ಯಾಕ್ ಹಾಕಿಸ್ತಾ ಇದೀರಾ?’

ಡ್ರಿಲ್ ಹಾಕಿದ ರಂಧ್ರವನ್ನು ನಿಖರ ಅಳತೆಗೆ ತರುವ ಉಪಕರಣ ರೀಮರ್. ಡ್ರಾಯಿಂಗ್ ತೆರೆದು ನೋಡಿದೆ. ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ 9 ಮಿಲಿಮೀಟರ್ ರಂಧ್ರ, ಅದು ಸರಿಯೇ. ಡ್ರಿಲ್ ಹಾಕಿ ಬಿಟ್ಟರೆ ಮುಗಿಯಿತು, ಮಿಲಿಮೀಟರಿನ ಹತ್ತನೆಯ ಒಂದು ಭಾಗ ಹೆಚ್ಚಾದರೂ ಯಾರಿಗೂ ತೊಂದರೆಯಿಲ್ಲ. ಆದರೆ ಪಕ್ಕದ, ಭಾಗಗಳನ್ನು ನಿಖರ ಸ್ಥಾನದಲ್ಲಿ ಕೂರಿಸುವ ಡೋವೆಲ್ ಪಿನ್ನಿನ ರಂಧ್ರದಿಂದ ನಕಲು ಮಾಡುವಾಗ ಎಚ್7 ಕೂಡ ಅಂಟಿಕೊಂಡು ಬಂದಿತ್ತು. 9 ಎಚ್7 ಎಂದರೆ ಒಟ್ಟು 15 ಮೈಕ್ರಾನ್ ಅವಕಾಶ. ಅಂಥ ಮೂವತ್ತೆರಡು ರಂಧ್ರಗಳು. ಪ್ರತಿಯೊಂದಕ್ಕೂ ಮೊದಲು ಡ್ರಿಲ್, ಆಮೇಲೆ ರೀಮರ್, ಆಮೇಲೆ ಗೇಜ್ ಇಳಿಸಿ ತಪಾಸಣೆ. ಮೌಸಿನ ಒಂದು ಕ್ಲಿಕ್ಕಿನಲ್ಲಿ ನಾನು ಯಾರದೋ ಒಂದು ಇಡೀ ದಿನದ ದುಡಿಮೆಯನ್ನು ಬರೆದುಬಿಟ್ಟಿದ್ದೆ, ಅದೂ ಯಾರಿಗೂ ಬೇಡವಾದ ದುಡಿಮೆಯನ್ನು. ಪರಿಶೀಲಿಸಿ ಸಹಿ ಮಾಡಿದ ಇಬ್ಬರು ಹಿರಿಯರ ಕಣ್ಣಿಗೂ ಅದು ಬಿದ್ದಿರಲಿಲ್ಲ, ಏಕೆಂದರೆ ಪರದೆಯ ಮೇಲೆ ಎಚ್7 ಬೇಕಾದ ರಂಧ್ರವೂ ಬೇಡವಾದ ರಂಧ್ರವೂ ಒಂದೇ ರೀತಿಯ ದುಂಡನೆಯ ಗೆರೆ.

ಪರಿಷ್ಕೃತ ಡ್ರಾಯಿಂಗ್ ಹಿಡಿದು ಅಂದು ಸಂಜೆ ನಾನೇ ಅವರ ಶೆಡ್ಡಿಗೆ ಹೋದೆ. ನನ್ನ ಅಪ್ಪನ ವಯಸ್ಸಿನವರು ಎದ್ದು ನಿಂತು ಸಾರ್ ಎಂದದ್ದು ಮುಜುಗರವಾಯಿತು. ಚಹಾ ತರಿಸಿದರು. ಮಾತಿನ ನಡುವೆ, 9 ಎಚ್7 ರೀಮರ್ ತಮ್ಮಲ್ಲಿ ಇರಲಿಲ್ಲವೆಂದು ಎಸ್‌ಪಿ ರಸ್ತೆಯಿಂದ ಆಗಲೇ ಒಂದನ್ನು ತರಿಸಿಬಿಟ್ಟಿರುವುದನ್ನು ಹೇಳಿದರು. ಅದರ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ‘ಇರ್ಲಿ ಸಾರ್, ಇನ್ನೊಂದ್ ಸಲಕ್ಕೆ ಬರುತ್ತೆ’ ಎಂದು ಮೇಣ ಹಚ್ಚಿದ ಕಾಗದದಲ್ಲೇ ಸುತ್ತಿ ಕಪಾಟಿನಲ್ಲಿಟ್ಟರು. ಈಚೆಗೆ ಹೋದಾಗ ನೋಡಿದೆ, ಕಾಗದ ಇನ್ನೂ ಬಿಚ್ಚಿಲ್ಲ.